ಅವರ ಧ್ವನಿಯಲ್ಲಿ ಬಂದ ಕ್ಷಮೆ

ಭಾನುವಾರ, ಬೆಳಿಗ್ಗೆ

ಚಿನ್ನೀ,

ಆಶೀರ್ವಾದಗಳು. ಅದನ್ನು ಹೇಳಿ ಮುಗಿಸಿದೆ, ಇನ್ನು ಬೈಗುಳ. ಫೋನಿನಲ್ಲಿ ಬೈದರೆ ನೀನು ನಡುವೆ ಬಾಯಿ ಹಾಕಿ ನಗಿಸಿಬಿಡುತ್ತೀಯ, ಅದಕ್ಕೇ ಈ ಕಾಗದ.

ಹುಟ್ಟುಹಬ್ಬದ ಉಡುಗೊರೆ ಎಂದು ನನ್ನ ಫೋನಿನೊಳಗೆ ನಿನ್ನ ಅಪ್ಪನನ್ನು ಕೂರಿಸಿ ಹೋದೆಯಲ್ಲ, ನಿನ್ನೆ ಅದನ್ನು ತೆರೆದೆ. ಅವರು ತೀರಿಕೊಂಡು ವರ್ಷವಾಗುತ್ತಾ ಬಂತು. ಹಳೆಯ ವಿಡಿಯೊಗಳಿಂದ ಧ್ವನಿ ಹೆಕ್ಕಿ, ಅವರ ವಿಷಯವನ್ನೆಲ್ಲ ಬರೆದುಕೊಟ್ಟರೆ ಯಂತ್ರ ಥೇಟ್ ಅವರಂತೆಯೇ ಮಾತಾಡುತ್ತದೆ ಎಂದಿದ್ದೆ ನೀನು. ಧ್ವನಿ ಅವರದ್ದೇ, ಒಪ್ಪಿದೆ. ಕೈಯಲ್ಲಿದ್ದ ಲೋಟ ಕೆಳಗಿಟ್ಟು ಕೇಳಿದೆ.

ಆದರೆ ಮಾತು ಯಾರದ್ದೇ ತಾಯಿ? ಊಟ ಆಯ್ತಾ, ಕಾಲುನೋವು ಹೇಗಿದೆ ಎಂದು ಕೇಳಿತು. ನಿನ್ನ ಅಪ್ಪ ನನ್ನ ಕಾಲುನೋವು ವಿಚಾರಿಸಿದ್ದುಂಟೇ? ಹಸಿವಾದರೆ ಬಾಯಿಬಿಟ್ಟು ಹೇಳದೆ ತಟ್ಟೆ ಸದ್ದು ಮಾಡುತ್ತಿದ್ದ ಮನುಷ್ಯ. ಕಿಟಕಿಯ ಪರದೆ ಬದಲಿಸಬೇಕು ಅಂದೆ, ಒಳ್ಳೇ ಯೋಚನೆ ಎಂದಿತು. ಅವರಾಗಿದ್ದರೆ ವಾರವಿಡೀ ಜಗಳವಾಗುತ್ತಿತ್ತು. ಆ ಜಗಳದಲ್ಲೇ ನಾವು ಸಂಸಾರ ಮಾಡಿದ್ದು.

ಅಷ್ಟಾದರೂ ಸಹಿಸಿಕೊಳ್ಳುತ್ತಿದ್ದೆ. ಆಮೇಲೆ ಅದು, ಲೈಬ್ರರಿ ಕೆಲಸದ ವಿಷ್ಯದಲ್ಲಿ ತಪ್ಪು ಮಾಡ್ದೆ, ಕ್ಷಮಿಸ್ಬಿಡು ಎಂದಿತು. ನನ್ನ ಮೈಯೆಲ್ಲ ಉರಿದುಹೋಯಿತು.

ಆ ಸಂಗತಿಯನ್ನು, ನಿನಗೆ ಜ್ವರ ಬಂದಿದ್ದಾಗ ಪಕ್ಕದಲ್ಲಿ ಮಲಗಿ, ನಿನ್ನೊಬ್ಬಳಿಗೆ ಹೇಳಿದ್ದೆ. ಕೆಲಸಕ್ಕೆ ಸೇರಲು ಇಸ್ತ್ರಿ ಬಟ್ಟೆ ತೊಟ್ಟು ಹೋದರೆ, ನನ್ನ ಕುರ್ಚಿಯಲ್ಲಿ ಬೇರೊಬ್ಬ ಹುಡುಗಿ ಕುಳಿತಿದ್ದಳು. ನನಗೇ ಆ ಕೆಲಸ ಇಷ್ಟವಿಲ್ಲ ಎಂದು ನಿನ್ನ ಅಪ್ಪ ಮೊದಲೇ ಬಂದು ಹೇಳಿ ಹೋಗಿದ್ದರು. ಲೈಬ್ರರಿಯ ಹಿರಿಯರು ನನ್ನ ಮುಖ ನೋಡಲಾರದೆ ಕನ್ನಡಕ ಒರೆಸುತ್ತಾ ನಿಂತರು. ಅಂದಿನಿಂದ, ನಿನ್ನ ಅಪ್ಪ ಒಂದೇ ಒಂದು ಸಲ ತಪ್ಪಾಯಿತು ಅನ್ನಲಿ ಎಂದು ಕಾದೆ. ಆಸ್ಪತ್ರೆಯ ಹಾಸಿಗೆಯ ಪಕ್ಕ ಕುಳಿತೂ ಕಾದೆ. ಹೇಳದೆಯೇ ಹೋದರು.

ನೀನು ಅದನ್ನು ಟೈಪ್ ಮಾಡಿ ಯಂತ್ರಕ್ಕೆ ಕೊಟ್ಟೆ. ಅವರು ಕೊಡದೆ ಹೋದದ್ದನ್ನು ಕೊಡಿಸಲು ನೀನು ಯಾರು? ಅವರು ಆಡದ ಮಾತನ್ನು ಅವರ ಬಾಯಿಗೆ ತುರುಕಲು ಆ ಯಂತ್ರ ಮಾಡಿದ ಕಂಪನಿ ಯಾರು? ಸತ್ತವರನ್ನು ಹೀಗೆ ತಿದ್ದಿ ತೀಡಿ ಒಳ್ಳೆಯವರನ್ನಾಗಿ ಮಾಡಿದರೆ, ಅವರ ಜೊತೆ ಬಾಳಿದ ನಾವೇನು ಸುಳ್ಳೇ? ಅಮ್ಮನಿಗೆ ನೆಮ್ಮದಿಯಾಗಲಿ ಅಂತ ಮಾಡಿದೆ ಅನ್ನುತ್ತೀಯ, ಗೊತ್ತು. ನನಗೆ ಏನು ಬೇಕು ಅನ್ನುವುದನ್ನು ನನ್ನನ್ನು ಕೇಳದೆ ತೀರ್ಮಾನಿಸಿದೆ. ಅಂದು ನಿನ್ನ ಅಪ್ಪ ಮಾಡಿದ್ದೂ ಅದನ್ನೇ.

ತಕ್ಷಣ ಫೋನ್ ಆರಿಸಿ ಬಟ್ಟೆಗಳ ಅಡಿಯಲ್ಲಿ ಇಟ್ಟಿದ್ದೇನೆ. ನೀನೇ ಬಂದು ಅಳಿಸಿಹಾಕು. ಅಳಿಯಂದಿರಿಗೂ ಹೇಳು, ಇದರಲ್ಲಿ ಅವರ ಕೈವಾಡವೂ ಇದೆ ಎಂದು ನನಗೆ ಗೊತ್ತು.

ಇಂತಿ,
ಕೋಪ ಇಳಿಯದ ನಿನ್ನ
ಅಮ್ಮ

ಮತ್ತೊಂದು ಮಾತು: ತಕ್ಷಣ ಆರಿಸಿದೆ ಎಂದು ಬರೆದದ್ದು ಸುಳ್ಳು. ಅದು ಕ್ಷಮಿಸು ಎಂದ ಕೂಡಲೇ ನನ್ನ ಬಾಯಿಂದ, ಹೋಗ್ಲಿ ಬಿಡಿ ಅಂತ ಬಂದುಬಿಟ್ಟಿತು. ಆ ಮಾತನ್ನು ಅವರಿಗೆಂದೇ ತೆಗೆದಿಟ್ಟಿದ್ದೆ ಕಣೇ. ಆಸ್ಪತ್ರೆಯಲ್ಲಿ ಅವರು ಕೈ ಹಿಡಿದುಕೊಂಡಾಗಲೂ ನಾನು ಅದನ್ನು ಆಡಿರಲಿಲ್ಲ. ಅದಕ್ಕೆ ಯಂತ್ರ, ಇನ್ನೇನಾದ್ರೂ ಸಹಾಯ ಬೇಕಾ ಎಂದು ಅವರ ಧ್ವನಿಯಲ್ಲೇ ಕೇಳಿತು.