ಖಾಲಿ ಬಿಟ್ಟ ಸಾಲು

ಹೊಲಿಗೆ ಮಿಷನ್ನಿನ ಪಕ್ಕದಿಂದ,
ಮಾರ್ಚ್ ಹದಿನಾರು, ಭಾನುವಾರ

ನನ್ನ ಮುದ್ದು ಮಗರಾಯಾ,

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ಲಾರಿ ಸೀಟಿಗೆಂದು ನಾನು ಹೊಲಿದುಕೊಟ್ಟ ದಿಂಬನ್ನು ಬೆನ್ನಿಗೆ ಇಟ್ಟುಕೊಳ್ಳುತ್ತಿದ್ದೀಯೋ, ಇಲ್ಲಾ ತಲೆಗಿಟ್ಟು ಗೊರಕೆ ಹೊಡೆಯುತ್ತಿದ್ದೀಯೋ? ಫೋನಿನಲ್ಲಿ ಕೇಳಿದರೆ ‘ಚೆನ್ನಾಗಿದೀನಮ್ಮಾ, ಸಿಗ್ನಲ್ ಇಲ್ಲ’ ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮಂಡಿಯದು ಎಂದಿನ ತಕರಾರು. ನಾಟಕ ಕಂಪನಿಯಲ್ಲಿ ರಾಜರಾಣಿಯರ ಉಡುಪು ಹೊಲಿದ ಕಾಲಿಗೆ ಈಗ ಪಕ್ಕದ ಮನೆಯವರ ಕಿಟಕಿ ಪರದೆ ಹೊಲಿಯುವುದೆಂದರೆ ಅವಮಾನವಂತೆ. ನಿನ್ನ ಮಗಳು ಚೂಟಿ ಆರೋಗ್ಯವಾಗಿದ್ದಾಳೆ. ಮುಂದಿನ ಎರಡು ಹಲ್ಲು ಬಿದ್ದಿವೆ, ಬಾಯಿ ಮಾತ್ರ ಒಂದಿಷ್ಟೂ ಕಡಿಮೆಯಾಗಿಲ್ಲ.

ಮೊನ್ನೆ ಅವಳ ಶಾಲೆಯ ವಾರ್ಷಿಕೋತ್ಸವವಿತ್ತು. ನೀನು ಬರುತ್ತೀಯೆಂದು ಬಾಗಿಲ ಪಕ್ಕದ ಕುರ್ಚಿಯ ಮೇಲೆ ನನ್ನ ಚೀಲ ಇಟ್ಟು ಜಾಗ ಹಿಡಿದಿದ್ದೆ, ಹೋಗಲಿ ಬಿಡು. ಅವಳು ಹಾಡಿದ್ದು ನಮ್ಮ ಕಂಪನಿ ನಾಟಕದ ಆ ಬಾಗಿಲ ಹಾಡು. ತಡವಾಗಿ ಬಂದ ಗಂಡ ಹೊರಗೆ, ಬಾಗಿಲು ತೆಗೆಯದ ಹೆಂಡತಿ ಒಳಗೆ, ನಡುವೆ ಪಂಚಾಯಿತಿ ಮಾಡುವ ಅತ್ತೆ, ಎಲ್ಲರನ್ನೂ ಅಣಕಿಸುವ ಮಗು. ನಮ್ಮ ಮನೆಗೆಂದೇ ಬರೆದಂತಿತ್ತು ಕಣೋ! ಊಟವಾಗಿ ಪಾತ್ರೆ ತೊಳೆಯುವಾಗ ನಾಲ್ವರೂ ನಮ್ಮ ನಮ್ಮ ಸಾಲು ಹಾಡುತ್ತಿದ್ದೆವು. ಇನ್ನೊಬ್ಬರ ಸಾಲಿಗೆ ಬಾಯಿ ಹಾಕಿದರೆ ನಿನ್ನ ಹೆಂಡತಿ ಒದ್ದೆ ಕೈಯಲ್ಲೇ ಕಿವಿ ಹಿಂಡುತ್ತಿದ್ದಳು. ನೀನು ಲಾರಿಯ ಮೇಲಿದ್ದ ದಿನ ನಿನ್ನ ಸಾಲನ್ನು ಖಾಲಿ ಬಿಟ್ಟು, ತಟ್ಟೆಯ ಮೇಲೆ ತಾಳ ಹಾಕಿ, ‘ಅಪ್ಪ ದಾರೀಲಿದಾರೆ, ಕಾಯ್ಬೇಕು’ ಎನ್ನುತ್ತಿದ್ದಳು. ಅಕ್ಷರ ಕಲಿಯುವ ಮೊದಲೇ ಆ ಮಗು ಕಾಯುವುದನ್ನು ಕಲಿತದ್ದು ಹಾಗೆ.

ಕಲಿತದ್ದನ್ನು ಎಲ್ಲಿ ಬಿಡುತ್ತಾಳೆ ಹೇಳು. ಪ್ರಾಕ್ಟೀಸಿನಲ್ಲಿ ಟೀಚರೂ ಜೊತೆಗೆ ಹಾಡುತ್ತಿದ್ದರಂತೆ, ಯಾರಿಗೂ ಗೊತ್ತಾಗಿಲ್ಲ. ವೇದಿಕೆಯ ಮೇಲೆ ಒಬ್ಬಳೇ ನಿಂತಾಗ ತನ್ನ ಸಾಲನ್ನು ಗಟ್ಟಿಯಾಗಿ ಹಾಡಿದಳು. ಅಮ್ಮನ ಸಾಲು ಬಂತು, ಬಾಯಿ ಮುಚ್ಚಿದಳು. ಬೆರಳು ಮಾತ್ರ ಲಂಗದ ಮೇಲೆ ತಾಳ ಹಾಕುತ್ತಿತ್ತು. ಮರೆತಳೆಂದು ಟೀಚರು ಪರದೆಯ ಮರೆಯಿಂದ ಹೇಳಿಕೊಟ್ಟರೆ, ನಮ್ಮ ಮಹಾರಾಣಿ ಅವರನ್ನೇ ಗುರಾಯಿಸಿದಳು. ನನ್ನ ಹಿಂದೆ ಕೂತಿದ್ದ ಮಕ್ಕಳು ಕಿಸಕ್ಕೆಂದವು. ನಿನ್ನ ಸಾಲಿಗೂ ಹಾಗೇ ಕಾದಳು. ನನ್ನ ಸಾಲು ಬಂದಾಗ ಕೆಳಗೆ ನನ್ನತ್ತ ನೋಡಿದಳು. ನಾನೇನು ಮಾಡಲಿ? ಕೂತಲ್ಲಿಂದಲೇ, ಈ ಒಡಕು ಗಂಟಲಲ್ಲಿ ಹಾಡಿದೆ. ಸಭೆಯೆಲ್ಲ ನಕ್ಕಿತು. ನಗಲಿ. ನನಗೆ ಅಳು ಬಂದದ್ದು ಅವರು ನಕ್ಕಿದ್ದಕ್ಕಲ್ಲ, ಅವಳು ಕಾದ ರೀತಿಗೆ. ಅವಳಮ್ಮ ಪಕ್ಕದ ಕೋಣೆಯಲ್ಲಿದ್ದಾಳೆ, ಕೈ ಒರೆಸಿಕೊಂಡು ಈಗ ಬರುತ್ತಾಳೆ ಎನ್ನುವಂತೆ ನಿಂತಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು, ‘ಅಮ್ಮನ್ ಸಾಲಿಗೆ ಇನ್ನೂ ಕಾಯ್ಬೇಕಾ ಅಜ್ಜಿ?’ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಕಂಪನಿಯಲ್ಲಿದ್ದ ಪದ್ಧತಿಯನ್ನೇ ಹೇಳಿದೆ. ಪಾತ್ರದವರು ಬರುವುದು ತಡವಾದರೆ ಉಳಿದವರು ಹೇಗಾದರೂ ಮಾಡಿ ಕಾಯುತ್ತಾರೆ. ಇನ್ನು ಬರುವುದೇ ಇಲ್ಲವೆಂದರೆ ಆ ಪಾತ್ರ ಬೇರೆಯವರಿಗೆ ಹೋಗುತ್ತದೆ. ಅವಳು ಇಳಿಯುವವರೆಗೂ ನನ್ನ ಸೆರಗು ಹಿಡಿದು ಕೂತಿದ್ದಳು.

ಸೊಸೆ ತೀರಿಹೋದ ಮೇಲೆ ನೀನು ಈ ಮನೆಯಲ್ಲಿ ಒಂದು ರಾತ್ರಿಯೂ ಉಳಿದಿಲ್ಲ. ಬರುತ್ತೀಯ, ಮಗಳ ಕೈಗೆ ಗೊಂಬೆ ಕೊಡುತ್ತೀಯ, ಹೊರಗೆ ಎಂಜಿನ್ ಗುರುಗುಟ್ಟುತ್ತಲೇ ಇರುತ್ತದೆ. ಅಡುಗೆಮನೆಯಲ್ಲಿ ಅವಳ ದನಿ ಇಲ್ಲದ್ದು ನಿನ್ನಿಂದ ತಡೆಯಲಾಗುತ್ತಿಲ್ಲ, ನನಗೆ ಗೊತ್ತು. ನನಗೂ ಅಲ್ಲಿಗೆ ಕಾಲಿಡಲು ಸಂಕಟವೇ. ಆದರೆ ಮಗುವಿಗೆ ಹಸಿವಾಗುತ್ತದಲ್ಲ, ಹೋಗುತ್ತೇನೆ.

ಬೈಯಲು ಕೂತವಳು ಬೈಯಲೂ ಇಲ್ಲ ನೋಡು. ದಾರಿಯಲ್ಲಿ ಜೋಪಾನ. ನಿದ್ದೆ ಬಂದರೆ ಗಾಡಿ ಬದಿಗೆ ಹಾಕಿ ಮಲಗು, ಹಟ ಬೇಡ. ನೂರು ಕಾಲ ಬಾಳು ಕಂದಾ.

ನಿನ್ನ,
ಅಮ್ಮ

ಮಡಿಸಿದ ಕಾಗದ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಈಗಷ್ಟೇ ಚೂಟಿ ಪಾತ್ರೆ ಒರೆಸುತ್ತಾ ಅಮ್ಮನ ಸಾಲನ್ನು ತಾನೇ ಹಾಡಿದಳು, ಮೊದಲ ಸಲ. ಥೇಟ್ ಅದೇ ದನಿ ಕಣೋ. ನಿನ್ನ ಸಾಲು ಬಂದಾಗ ನಿಲ್ಲಿಸಿ, ನನ್ನ ಮುಖ ನೋಡಿ, ‘ಅಪ್ಪಂದೂ ನಾನೇ ಹಾಡ್ಲಾ ಅಜ್ಜಿ?’ ಎಂದು ಕೇಳಿದಳು. ಇನ್ನೂ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಾಳೆ. ಏನು ಹೇಳಲಿ?