ಪ್ರಾಕ್ಸಿ ದಾಟದ ಹಲ್ಲು

ಜೂನ್ 3, ಸೋಮವಾರ

ಹಲ್ಲು ಕಟ್ಟುವ ನಮ್ಮ ಲ್ಯಾಬಿನ ಸಾಮಾನು ಇನ್ನೂ ಅರ್ಧ ಡಬ್ಬಗಳಲ್ಲೇ ಇದೆ. ಹೊಸ ಕಟ್ಟಡ, ನೆಲಮಾಳಿಗೆ, ಇರುವುದೊಂದೇ ಕಿಟಕಿ. ಅದರಲ್ಲಿ ಕಾಣುವುದು ದಾರಿಹೋಕರ ಚಪ್ಪಲಿ ಮಾತ್ರ. ಮಧ್ಯಾಹ್ನದವರೆಗೂ ಪ್ಲಾಸ್ಟರ್ ಅಚ್ಚುಗಳನ್ನು ಕಪಾಟಿಗೆ ಜೋಡಿಸಿದೆ. ಮೇಲ್ದವಡೆಗಳು ಒಂದು ಕಡೆ, ಕೆಳದವಡೆಗಳು ಒಂದು ಕಡೆ. ಎಲ್ಲವೂ ನನ್ನನ್ನೇ ನೋಡಿ ಹಲ್ಲು ಕಿರಿಯುತ್ತಿದ್ದವು.

ನಾಳೆ ಅವುಗಳ ಸಾಲಿಗೆ ಮಾಮನದೂ ಸೇರುತ್ತದೆ. ನಿನ್ನೆ ಮಾಮ ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿಟ್ಟಿದ್ದರು. ಅಂಗಿ ವಾಷಿಂಗ್ ಮಷೀನಿಗೆ ಹೋಯಿತು. ಹಾಕಿದ್ದು ಯಾರು ಎಂಬ ಚರ್ಚೆ ಈಗ ಬೇಡ. ಅಂಗಿ ಬೆಳ್ಳಗಾಗಿ ಬಂತು, ಹಲ್ಲು ಚೂರುಚೂರಾಗಿ ಬಂತು.

ಮಾಮ ಅಂದರೆ ಅಮ್ಮನ ತಮ್ಮ. ರೈಲ್ವೆ ಸ್ಟೇಷನ್ನಿನಲ್ಲಿ ಮೈಕ್ ಹಿಡಿದು ರೈಲು ಬರುವುದು ಹೋಗುವುದನ್ನು ಹೇಳುತ್ತಿದ್ದವರು. ಅತ್ತೆ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾರೆ. ಪಿಸುಮಾತಾಡಿದರೂ ಪಕ್ಕದ ಮನೆಗೆ ಕೇಳಿಸುವ ಮನುಷ್ಯ ನಿನ್ನೆಯಿಂದ ಬಾಯಿಗೆ ಬೀಗ ಹಾಕಿದ್ದಾರೆ. ಮಾತಾಡಿದರೆ ಬರೀ ಗಾಳಿ ಬರುತ್ತದಂತೆ.

ಸಂಜೆ 'ಕಂಟ್ರೋಲ್ ರೂಮ್' ಫೋನ್ ಬಂತು. ಮಾಮ ಎತ್ತಲಿಲ್ಲ.

ಕಂಟ್ರೋಲ್ ರೂಮ್ ಎಂಬುದು ನಾನಿಟ್ಟ ಹೆಸರು. ಮಾಮನ ಸ್ಟೇಷನ್ ಇದ್ದ ರೈಲ್ವೆ ಲೈನಿನ ಕಂಟ್ರೋಲ್ ರೂಮಿನಲ್ಲಿದ್ದು ನಿವೃತ್ತರಾದ ಹೆಂಗಸು. ಸರ್ವಿಸ್ ಪೂರ್ತಿ ಇಬ್ಬರೂ ಫೋನಿನಲ್ಲಿ ಯಾವ ರೈಲು ಎಷ್ಟು ಲೇಟು ಎಂದು ಮಾತಾಡಿದವರು. ಈಗ ರೈಲೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡುತ್ತಾರೆ. ಅವರಿಗೂ ಯಜಮಾನರಿಲ್ಲ. ಮುಂದಿನ ತಿಂಗಳು ಮಗಳ ಊರಿಗೆ ಹೋಗಿ ಅಲ್ಲೇ ನೆಲೆಸುವ ಯೋಚನೆ. ಅದಕ್ಕೆ ಮುಂಚೆ 16ರ ಭಾನುವಾರ ನಮ್ಮ ಮನೆಗೆ ಬರುತ್ತಾರೆ. ಅವತ್ತು ಮಾಮ ಅವರನ್ನು ಮದುವೆಯಾಗುತ್ತೀರಾ ಎಂದು ಕೇಳಬೇಕು. ನನ್ನ ಹತ್ತಿರ ಹೇಳಿಕೊಂಡು ತಿಂಗಳಾಯಿತು. ನನಗಂತೂ ಖುಷಿಯೋ ಖುಷಿ.

ಇವತ್ತು ಹಳೇ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದರು: ಹಲ್ಲಿಲ್ಲದೆ ಕೇಳುವುದಿಲ್ಲ.

ಜೂನ್ 4, ಮಂಗಳವಾರ

ಬೆಳಿಗ್ಗೆ ಮಾಮನ ಅಚ್ಚು ತೆಗೆದಾಯಿತು. ಸ್ಕ್ಯಾನ್ ಆಯಿತು. ಕಂಪ್ಯೂಟರಿನಲ್ಲಿ ಹಲ್ಲು ಕೂರಿಸಿದೆ. ಮುಂದಿನ ಎರಡು ಹಲ್ಲಿನ ನಡುವೆ ಅವರಿಗೆ ಮೊದಲಿದ್ದಷ್ಟೇ ಸಂದು ಬಿಟ್ಟೆ. ಚೆನ್ನಾಗಿ ಬಂದಿದೆ, ನಾನೇ ಹೇಳಬೇಕು.

ಇನ್ನು ಫೈಲನ್ನು ಬೇರೆ ಊರಿನ ಮಿಲ್ಲಿಂಗ್ ಸೆಂಟರಿಗೆ ಕಳಿಸಬೇಕು. ಅಲ್ಲಿ ಯಂತ್ರ ಅದನ್ನು ನೋಡಿ ಹಲ್ಲು ಕಡೆಯುತ್ತದೆ, ಕೊರಿಯರಿನಲ್ಲಿ ಬರುತ್ತದೆ. ಹಳೇ ಜಾಗದಲ್ಲಿ ಟ್ರಾನ್ಸ್‌ಫರ್ ಪ್ರೋಗ್ರಾಂ ತೆರೆದು ಫೈಲ್ ಎಳೆದು ಹಾಕಿದರೆ ಮುಗಿಯುತ್ತಿತ್ತು. ಇವತ್ತು ತೆರೆದೆ. ಸಂಪರ್ಕ ಸಾಧ್ಯವಿಲ್ಲ. ಮತ್ತೆ. ಸಾಧ್ಯವಿಲ್ಲ. ಮತ್ತೆ...

ಕಟ್ಟಡದ ನೆಟ್ ನೋಡಿಕೊಳ್ಳುವವನನ್ನು ಕರೆದೆ. ಏನು ಕೇಳಿದರೂ 'ಆಗುತ್ತೆ ಬಿಡಿ' ಅನ್ನುತ್ತಾನೆ, ಆದ್ದರಿಂದ ಅವನ ಹೆಸರೂ ಅದೇ. ಇಲ್ಲಿ ಯಾವ ಕಂಪ್ಯೂಟರೂ ನೇರವಾಗಿ ಹೊರಗೆ ಹೋಗುವಂತಿಲ್ಲವಂತೆ. ನಡುವೆ ಪ್ರಾಕ್ಸಿ ಸರ್ವರ್ ಕೂತಿದೆ. ಹಾಸ್ಟೆಲ್ ವಾರ್ಡನ್ ಇದ್ದ ಹಾಗೆ. ಕೊಡುವುದನ್ನು ಅದರ ಕೈಗೆ ಕೊಡಬೇಕು, ಅದು ಹೊರಗೆ ಮುಟ್ಟಿಸುತ್ತದೆ. ಬ್ರೌಸರಿಗೆ ಈ ವಿಷಯ ಗೊತ್ತು. ನಮ್ಮ ಪ್ರೋಗ್ರಾಮಿಗೆ ಯಾರೂ ಹೇಳಿಲ್ಲ.

ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ದು ಕಳಿಸೋಣವೆಂದರೆ ಮಿಲ್ಲಿಂಗ್ ಸೆಂಟರಿನವರು ಲ್ಯಾಬಿನ ನೆಟ್ ವಿಳಾಸ ಬಿಟ್ಟು ಬೇರೆಲ್ಲಿಂದ ಬಂದರೂ ಬಾಗಿಲು ತೆರೆಯುವುದಿಲ್ಲ. ರೋಗಿಗಳ ಫೈಲುಗಳಲ್ಲವೇ. ಇಲ್ಲಿಂದಲೇ ಹೋಗಬೇಕು.

ಜೂನ್ 5, ಬುಧವಾರ, ಸಂಜೆ

ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿಯ ವಿಳಾಸ ಹಾಕಿದೆ. ಯಾವ ಬಗೆಯ ಪ್ರಾಕ್ಸಿ ಎಂದು ಕೇಳಿತು. HTTP ಎಂದು ಒಂದು, SOCKS ಎಂದು ಇನ್ನೊಂದು. ಯಾವುದು ಎಂದು ಆಗುತ್ತೆ ಬಿಡಿಯನ್ನು ಕೇಳಿದೆ. ಎರಡರಲ್ಲಿ ಯಾವುದು ಹಾಕಿದರೂ ಆಗುತ್ತೆ ಬಿಡಿ ಎಂದ. ಮೊದಲನೆಯದು ಹಾಕಿದೆ. ಆಗಲಿಲ್ಲ. ಅನುಮತಿ ಇಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಉತ್ತರ ಬಂತು. ಎರಡನೆಯದು ಹಾಕಿದೆ. ಅದಕ್ಕೆ ಪೋರ್ಟ್ ನಂಬರು, ಅಂದರೆ ಬಾಗಿಲ ನಂಬರು, ಕೂಡ ಬೇರೆಯಂತೆ, ಅದನ್ನು ಹೇಳಲು ಅವನಿಗೆ ಊಟದ ಹೊತ್ತು ದಾಟಬೇಕಾಯಿತು.

ಒಳಗೆ ಹೋಯಿತು. ಹೆಸರು ಸರಿ, ಪಾಸ್‌ವರ್ಡ್ ಸರಿ. ಆದರೆ ಫೋಲ್ಡರಿನಲ್ಲಿ ಏನಿದೆ ಎಂದು ತೋರಿಸುವ ಬದಲು ಸುಮ್ಮನೆ ತಿರುಗುತ್ತ ಕೂತಿತು. ಪ್ಲಾಸ್ಟರ್ ಕಲಸಿ ಬಂದೆ, ತಿರುಗುತ್ತಿತ್ತು. ಕೈ ತೊಳೆದು ಬಂದೆ, ತಿರುಗುತ್ತಿತ್ತು. ತಲೆ ಚಿಟ್ಟು ಹಿಡಿಯಿತು.

ಮನೆಗೆ ಬಂದರೆ ಮಾಮ ಗಂಜಿ ಕುಡಿಯುತ್ತಿದ್ದರು. ಹುಬ್ಬಿನಲ್ಲೇ ಕೇಳಿದರು, ಹೋಯಿತಾ? ನಾಳೆ ಹೋಗುತ್ತದೆ ಎಂದೆ. ನನ್ನ ಬಾಯಲ್ಲೂ ಆಗುತ್ತೆ ಬಿಡಿ ಬಂದುಬಿಟ್ಟಿದೆ.

ಜೂನ್ 6, ಗುರುವಾರ

ಬಂತು, ಪಟ್ಟಿ ಬಂತು! ಪ್ಯಾಸಿವ್ ಮೋಡ್. ಅಷ್ಟೇ. ನಾವು ಬಾಗಿಲು ತೆರೆದಿಟ್ಟು ಅವರು ಬರಲಿ ಎಂದು ಕಾಯುವುದು ಆ್ಯಕ್ಟಿವ್, ನಾವೇ ಅವರ ಬಾಗಿಲಿಗೆ ಹೋಗುವುದು ಪ್ಯಾಸಿವ್. ಹೆಸರಿಟ್ಟವರಿಗೆ ನಮಸ್ಕಾರ. ಹೊರಗಿನವರು ಒಳಗೆ ಬರುವುದಕ್ಕೆ ವಾರ್ಡನ್ ಒಪ್ಪುವುದಿಲ್ಲ, ಆದ್ದರಿಂದ ನಾವೇ ಹೋಗಬೇಕು. ಒಂದು ಟಿಕ್ ಹಾಕಿದೆ, ಫೋಲ್ಡರ್ ತೆರೆದುಕೊಂಡಿತು.

ಪರೀಕ್ಷೆಗೆ ಒಂದೇ ಹಲ್ಲಿನ ಚಿಕ್ಕ ಫೈಲ್ ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಮಾಮನದು ಹಾಕಿದೆ. ಎರಡೂ ದವಡೆ, ದೊಡ್ಡ ಫೈಲು. ಮೆಲ್ಲಗೆ ಏರಿತು. ಅರ್ಧ, ಮುಕ್ಕಾಲು, ನೂರು. ನೂರಕ್ಕೆ ಬಂದು ನಿಂತೇ ನಿಂತಿತು. ಆಮೇಲೆ ಕೆಂಪು ಅಕ್ಷರ: ವರ್ಗಾವಣೆ ವಿಫಲ.

ಮತ್ತೆ ಹಾಕಿದೆ. ಈ ಹೆಸರಿನ ಫೈಲ್ ಆಗಲೇ ಇದೆ, ಅದರ ಮೇಲೇ ಬರೆಯಲೇ ಅಥವಾ ಬೇರೆ ಹೆಸರು ಕೊಡುತ್ತೀರಾ ಎಂದು ಕೇಳಿತು. ಅಲ್ಲಿರುವುದು ಅರೆಬರೆ ಮುರಿದ ತುಂಡು ತಾನೇ. ಆದರೂ ಮೇಲೆ ಬರೆಯಲು ಕೈ ಬರಲಿಲ್ಲ. ನಮ್ಮ ಲ್ಯಾಬ್ ನಡೆಸುವ ಡಾಕ್ಟರಮ್ಮನ ನಿಯಮ ಒಂದೇ: ಇರುವ ಅಚ್ಚಿನ ಮೇಲೆ ಇನ್ನೊಂದನ್ನು ಹುಯ್ಯಬಾರದು. ಕೆಟ್ಟಿದ್ದರೂ ಮುಟ್ಟಬಾರದು, ಹೊಸದು ಮಾಡಿ ಹೊಸ ಚೀಟಿ ಅಂಟಿಸಬೇಕು. ಸೇರಿದ ದಿನದಿಂದ ಮೈಗೆ ಹತ್ತಿದ ಅಭ್ಯಾಸ. 'ಮಾಮ ಎರಡು' ಎಂದು ಹೆಸರು ಕೊಟ್ಟೆ.

ನೂರು. ನಿಂತಿತು. ವಿಫಲ.

ಜೂನ್ 7, ಶುಕ್ರವಾರ

ಮಾಮ ಮೂರು. ವಿಫಲ.

ಸಂಜೆ ಮನೆಗೆ ಬಂದಾಗ ಮಾಮ ಫೋನ್ ಹಿಡಿದು ಏನೋ ಟೈಪ್ ಮಾಡುತ್ತಿದ್ದರು. ಹಿಂದಿನಿಂದ ಇಣುಕಿದೆ. '16ರ ಭಾನುವಾರ ಬೇಡ, ನನಗೆ ಆರೋಗ್ಯ' ಎಂಬಲ್ಲಿಗೆ ಬಂದಿದ್ದರು. ಫೋನ್ ಕಿತ್ತುಕೊಂಡು ಅಳಿಸಿದೆ. ಜೋರಾಗಿ ಜಗಳವಾಯಿತು. ಅಂದರೆ ಜೋರು ನನ್ನದು, ಅವರದು ಕೈಸನ್ನೆ. ಕಡೆಗೆ ಬಾಯಿ ಬಿಟ್ಟರು. ಐದು ದಿನದಲ್ಲಿ ಮೊದಲ ಮಾತು. ಹಲ್ಲಿಲ್ಲದ ಬಾಯಲ್ಲಿ, ಅಂಗೈ ಅಡ್ಡ ಹಿಡಿದುಕೊಂಡು.

"ಅವರು ನನ್ನ ದನೀನ ಅಲ್ವೇನೇ ಪುಟ್ಟಿ ಇಷ್ಟು ವರ್ಷ ಕೇಳಿದ್ದು. ಬೇರೆ ಏನಿದೆ ನನ್ನ ಹತ್ರ."

ನಲವತ್ತು ದಾಟಿದರೂ ಅವರಿಗೆ ನಾನು ಪುಟ್ಟಿಯೇ. ನನಗೆ ಅಳು ಬಂತು. ತೋರಿಸಿಕೊಳ್ಳದೆ ಗಂಜಿಗೆ ಉಪ್ಪು ಕಡಿಮೆಯಾಗಿದೆಯಾ ಎಂದು ಕೇಳಿದೆ.

ಫೋನ್ ಬಂತು. ಮತ್ತೆ ಎತ್ತಲಿಲ್ಲ. ಆ ಕಡೆಯವರು ಏನೆಂದುಕೊಳ್ಳುತ್ತಾರೋ.

ಜೂನ್ 10, ಸೋಮವಾರ

ಶನಿವಾರ 'ಮಾಮ ನಾಲ್ಕು' ಕೂಡ ಕೈಕೊಟ್ಟ ಮೇಲೆ ಬರೆಯುವ ಮನಸ್ಸೇ ಆಗಲಿಲ್ಲ. ಆಗುತ್ತೆ ಬಿಡಿ ರಜ ಬೇರೆ.

ಇವತ್ತು ಬಂದವಳೇ ಕೆಂಪು ಅಕ್ಷರ ಬಿಟ್ಟು ಅದರ ಮೇಲಿನ ಸಾಲುಗಳನ್ನು ಓದಿದೆ. ಹೊತ್ತಿನ ಸಮೇತ ಎಲ್ಲ ಬರೆದಿಡುತ್ತದೆ ಈ ಪ್ರೋಗ್ರಾಂ, ಅದಕ್ಕೆ ಲಾಗ್ ಅಂತ ಹೆಸರು, ಓದುವ ತಾಳ್ಮೆ ನನಗಿರಲಿಲ್ಲ. ವಿಷಯ ಇಷ್ಟು. ಇದು ಎರಡು ಲೈನ್ ಇಟ್ಟುಕೊಳ್ಳುತ್ತದೆ. ಒಂದರಲ್ಲಿ ಮಾತು, ಇನ್ನೊಂದರಲ್ಲಿ ಸರಕು. ಸರಕು ಹೋಗುತ್ತಿರುವಷ್ಟೂ ಹೊತ್ತು ಮಾತಿನ ಲೈನ್ ಸುಮ್ಮನಿರುತ್ತದೆ. ಚಿಕ್ಕ ಫೈಲಾದರೆ ತೊಂದರೆಯಿಲ್ಲ. ದೊಡ್ಡದಾದರೆ ವಾರ್ಡನ್ ನೋಡುತ್ತದೆ: ಈ ಲೈನಿನಲ್ಲಿ ಯಾರೂ ಮಾತಾಡುತ್ತಿಲ್ಲ, ಕತ್ತರಿಸು. ಕತ್ತರಿಸುತ್ತದೆ. ಆಮೇಲೆ ನಾವು ಕಾಯುತ್ತ ಕೂರುವುದು.

ಆಗುತ್ತೆ ಬಿಡಿಯ ಮುಂದೆ ಲಾಗ್ ಹಿಡಿದು ನಿಂತೆ. ಸುಮ್ಮನಿರುವ ಲೈನನ್ನು ಇನ್ನಷ್ಟು ಹೊತ್ತು ಬಿಡಲು ಆಗುತ್ತಾ? ಆಗುತ್ತೆ ಬಿಡಿ ಎಂದ. ಈ ಸಲ ನಿಜವಾಗಿಯೂ ಆಯಿತು. ಪಾಪ, ಕೆಟ್ಟವನಲ್ಲ.

ಮಾಮ ಐದು. ನೂರು. ನಿಂತಿತು... ಹಸಿರು! ಕುರ್ಚಿಯಿಂದ ಎದ್ದು ಕುಣಿದೆ. ಕಿಟಕಿಯಾಚೆ ಯಾವುದೋ ಚಪ್ಪಲಿ ನಿಂತು ನೋಡಿ ಮುಂದೆ ಹೋಯಿತು.

ಜೂನ್ 12, ಬುಧವಾರ, ಮಧ್ಯಾಹ್ನ

ಮಿಲ್ಲಿಂಗ್ ಸೆಂಟರಿನ ಮೇಲ್ವಿಚಾರಕಿ ಫೋನ್ ಮಾಡಿದ್ದರು. ಬಹಳ ಗಂಭೀರವಾಗಿ ಕೇಳಿದರು.

"ಮೇಡಂ, ನಿಮ್ಮ ಈ ಪೇಷಂಟ್‌ಗೆ ಬಾಯಿ ಎಷ್ಟು?"

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಗುರುವಾರದಿಂದ ಒಂದೇ ಬಾಯಿ ಬೇರೆ ಬೇರೆ ಹೆಸರಿನಲ್ಲಿ ಬರುತ್ತಲೇ ಇದೆ. ಫೋಲ್ಡರಿಗೆ ಬಿದ್ದದ್ದನ್ನೆಲ್ಲ ಕಡೆಯುವುದು ಅವರ ಪದ್ಧತಿ. ಐದು ಸೆಟ್ ತಯಾರಾಗಿ ಬೆಳಿಗ್ಗೆ ಕೊರಿಯರಿಗೆ ಹೋಗಿವೆ.

ಮೊದಲ ದಿನದಿಂದಲೂ ಎಲ್ಲವೂ ಹೋಗಿವೆ. ಪೂರ್ತಿ ಹೋಗಿವೆ. 'ಸೇರಿತು' ಎಂಬ ಒಂದು ಮಾತು ವಾಪಸು ಬರುವಷ್ಟರಲ್ಲಿ ಲೈನ್ ಕತ್ತರಿಸಿಹೋಗುತ್ತಿತ್ತು, ಅಷ್ಟೇ. ಲಾಗ್ ಓದಿದವಳಿಗೆ ಅವತ್ತೇ ಹೊಳೆಯಬಾರದಿತ್ತೇ. ಬೇರೆ ಯಾರಾದರೂ ಆಗಿದ್ದರೆ ಮೊದಲ ಫೈಲಿನ ಮೇಲೇ ಬರೆದು ಸುಮ್ಮನಾಗುತ್ತಿದ್ದರು.

ಡಾಕ್ಟರಮ್ಮನ ಮುಂದೆ ಹೋಗಿ ಒದರಿದೆ. ಬೈಯಲು ಬಾಯಿ ತೆರೆದರು. ಹೊಸ ಹೆಸರು ಯಾಕೆ ಕೊಟ್ಟೆ ಎಂದು ಕೇಳಿದರು. ಅಚ್ಚಿನ ಮೇಲೆ ಅಚ್ಚು ಹುಯ್ಯಬಾರದಲ್ಲವೇ ಎಂದೆ. ತೆರೆದ ಬಾಯಿ ಹಾಗೇ ಮುಚ್ಚಿದರು. ಒಳಕೋಣೆಗೆ ಹೋಗಿ ಬಹಳ ಹೊತ್ತು ನಕ್ಕಿದ್ದು ಕೇಳಿಸಿತು.

ಜೂನ್ 14, ಶುಕ್ರವಾರ

ಮಾಮ ಊಟದ ಮೇಜಿನ ಮೇಲೆ ಐದೂ ಸೆಟ್ ಸಾಲಾಗಿ ಇಟ್ಟುಕೊಂಡು ಬೆಳಿಗ್ಗೆಯಿಂದ ಪರೀಕ್ಷೆ ಮಾಡುತ್ತಿದ್ದಾರೆ. ಒಂದು ಹಾಕುವುದು, ಕನ್ನಡಿ ಮುಂದೆ ನಿಂತು ಸ್ಟೇಷನ್ನಿನ ದನಿಯಲ್ಲಿ ಎರಡು ರೈಲು ಬಿಡುವುದು, ತೆಗೆಯುವುದು, ಇನ್ನೊಂದು ಹಾಕುವುದು. ಎಲ್ಲ ಒಂದೇ ಫೈಲು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು ಹೇಳಿ ಹೇಳಿ ಸಾಕಾಯಿತು. ನಿನಗೇನು ಗೊತ್ತು, ಹಲ್ಲಿರುವುದು ನನ್ನ ಬಾಯಲ್ಲಿ ಎನ್ನುತ್ತಾರೆ. ಮೂರನೆಯದೇ ಚೆನ್ನಾಗಿ ಮಾತಾಡುತ್ತದಂತೆ. ಒಂದನೆಯದಕ್ಕೆ ಸ್ವಲ್ಪ ಜಂಭವಂತೆ.

ದನಿ ವಾಪಸು ಬಂದಿದೆ. ಪಕ್ಕದ ಮನೆಯವರು ಬಂದು ಎಲ್ಲ ಸೌಖ್ಯವೇ ಎಂದು ವಿಚಾರಿಸಿಕೊಂಡು ಹೋದರು.

ಈಗಲಾದರೂ ಅವರಿಗೆ ಫೋನ್ ಮಾಡಿ ಎಂದೆ. ಬೇಡ, ಮುಖ ನೋಡಿಯೇ ಕೇಳುತ್ತೇನೆ, ಎರಡು ದಿನ ತಾನೇ ಎಂದರು. ಎರಡು ಅಲ್ಲ, ಎರಡು ವಾರವಾಗುತ್ತಾ ಬಂತು. ಅವರ ಫೋನ್ ಮೊನ್ನೆಯಿಂದ ಬರುವುದೂ ನಿಂತಿದೆ. ಮಾಮನಿಗೆ ಇದು ಹೊಳೆದ ಹಾಗಿಲ್ಲ.

ಜೂನ್ 16, ಭಾನುವಾರ, ಹನ್ನೊಂದು ಗಂಟೆ

ಬಂದರು! ಬರುವುದೇ ಇಲ್ಲವೇನೋ ಎಂದು ಹೆದರಿದ್ದೆ. ಅಡುಗೆಮನೆಯಲ್ಲಿ ಕಾಫಿಗೆ ಹಾಲಿಟ್ಟು, ಬಾಗಿಲ ಮರೆಯಲ್ಲಿ ನಿಂತು ಬರೆಯುತ್ತಿದ್ದೇನೆ. ಕದ್ದು ಕೇಳುವುದು ತಪ್ಪು. ಕೇಳುತ್ತಿದ್ದೇನೆ.

ಎತ್ತರದ ಹೆಂಗಸು, ಬಿಳಿ ಕೂದಲು ಗಿಡ್ಡ. ನನ್ನ ಕೈ ಹಿಡಿದು ಮಾತಾಡಿಸಿದರು, ಮಾಮನ ಕಡೆ ಸರಿಯಾಗಿ ನೋಡಲಿಲ್ಲ. ಕೋಪವಿದೆ. ಇರಲೇಬೇಕು.

ಮಾಮ ಹವೆ, ಬಸ್ಸು, ರಸ್ತೆಯ ಧೂಳು ಎಲ್ಲ ಮಾತಾಡಿ ಮುಗಿಸಿದರು. ದನಿ ಮಾತ್ರ ಭರ್ಜರಿ. ಅವರು ಹ್ಞೂಂ ಅನ್ನುತ್ತಿದ್ದಾರೆ, ಅಷ್ಟೇ. ಫೋನ್ ಯಾಕೆ ಎತ್ತಲಿಲ್ಲ ಎಂದು ಕೇಳಿದರು. ಮಾಮ ವಾಷಿಂಗ್ ಮಷೀನಿನಿಂದ ಹಿಡಿದು ಪ್ರಾಕ್ಸಿಯವರೆಗೆ ಎಲ್ಲವನ್ನೂ ಹೇಳಿಬಿಟ್ಟರು. ಒಳಗೆ ಹೋಗಿ ಉಳಿದ ನಾಲ್ಕು ಸೆಟ್ಟೂ ತಂದು ತೋರಿಸಿದರು. ಮಾಮ, ಬೇಡ... ತೋರಿಸಿಯೇಬಿಟ್ಟರು.

ನಗುತ್ತಿದ್ದಾರೆ. ಇಬ್ಬರೂ.

ಈಗ ಮಾಮ ಗಂಟಲು ಸರಿಮಾಡಿಕೊಂಡರು. ನಿಮ್ಮನ್ನ ಒಂದು ಮಾತು ಕೇಳೋದಿತ್ತು ಎಂದರು. ಅಲ್ಲಿಗೆ ನಿಂತರು. ಅಷ್ಟು ದೊಡ್ಡ ದನಿ ಎಲ್ಲಿ ಹೋಯಿತೋ.

ಅವರು ಹೇಳಿದ್ದು ಇದು, ಒಂದಕ್ಷರ ಬಿಡದೆ ಬರೆದುಕೊಳ್ಳುತ್ತೇನೆ.

"ನೀವು ಆಗಲೇ ಕೇಳಿದ್ರಲ್ಲ. ಹೋದ ತಿಂಗಳ ಕೊನೇಲಿ, ಫೋನಲ್ಲಿ. ಮನೇಲಿ ಒಂದು ಕೋಣೆ ಖಾಲಿ ಇದೆ, ಬೆಳಿಗ್ಗೆ ಬಿಸಿಲು ಚೆನ್ನಾಗಿ ಬೀಳುತ್ತೆ ಅಂದ್ರಿ. ನನಗೆ ಅಷ್ಟೂ ತಿಳಿಯಲ್ವಾ? ಯೋಚನೆ ಮಾಡಿ ಮಗಳಿಗೆ ಬರಲ್ಲ ಅಂತ ಹೇಳಿಬಿಟ್ಟೆ. ನಿಮಗೆ ಹೇಳೋಣ ಅಂತ ದಿನಾ ಫೋನ್ ಮಾಡಿದೆ. ನೀವು ಎತ್ತಲೇ ಇಲ್ಲ."

ಕುರ್ಚಿ ಸರಿದ ಸದ್ದು. ಈಗ ಕರೆಯುತ್ತಿದ್ದಾರೆ, ಪುಟ್ಟೀ ಎಂದು, ಬೀದಿಗೆಲ್ಲ ಕೇಳುವ ಹಾಗೆ. ದನಿ ಒಡೆದಿದೆ, ಹಲ್ಲೆಲ್ಲ ಇದ್ದೂ. ಬಂದೆ ಮಾಮ, ಒಂದು ನಿಮಿಷ, ಕಣ್ಣು ಒರೆಸಿಕೊಂಡು— ಅಯ್ಯೋ, ಹಾಲು