ಕಾರ್ನೆಟ್ ಊದುವವನ ನಾಲಿಗೆ

ಬರ್ನ್‌ಲಾ ಗಣಿಹಳ್ಳಿ, ಡರಮ್
ಸೋಮವಾರ, ೯ ಏಪ್ರಿಲ್ ೧೯೬೨

ಪ್ರೀತಿಯ ಅಪ್ಪಾ,

ಹೇಗಿದ್ದೀ? ಮೊಣಕಾಲಿನ ನೋವು ಇಳಿಯಿತೇ, ಇಲ್ಲ ಈಗಲೂ ದೀಪದ ಕೋಣೆಗೆ ಹತ್ತುವಾಗ ಮೆಟ್ಟಿಲು ಮೆಟ್ಟಿಲಿಗೂ ಬೈಯುತ್ತಾ ಹೋಗುತ್ತೀಯಾ? ಹೋದ ವಾರದ ಗಾಳಿಗೆ ಇಲ್ಲಿ ನಮ್ಮ ಬೀದಿಯ ಚಿಮಣಿಗಳೇ ನರಳಿದವು. ಹಾಸಿಗೆಯಲ್ಲಿ ಮಲಗಿ ನಿನ್ನ ಬಂಡೆಯನ್ನೂ ನಿನ್ನ ದೀಪಸ್ತಂಭವನ್ನೂ ನೆನೆಸಿಕೊಂಡು ಹೆದರಿದೆ. ಬುಧವಾರ ಸಾಮಾನಿನ ದೋಣಿ ಖಂಡಿತ ಹೊರಡುತ್ತದೆ ಎಂದು ಅಮ್ಮ ದಡದ ಮನೆಯಿಂದ ಬರೆದಿದ್ದಾಳೆ. ಆ ಒಂದು ಸಾಲು ಓದಿ ನಾನು ಕುಣಿದಾಡಿಬಿಟ್ಟೆ. ಏಕೆಂದರೆ ಈ ಪತ್ರ ಅದೇ ದೋಣಿಯಲ್ಲಿ ನಿನಗೆ ತಲುಪಬೇಕು, ನಿನ್ನ ಉತ್ತರವೂ ಅದೇ ದೋಣಿಯಲ್ಲಿ ಹಿಂದಿರುಗಬೇಕು. ಸಾಮಾನು ಇಳಿಸುವಷ್ಟು ಹೊತ್ತು ದೋಣಿಯವನು ಕಾಯುತ್ತಾನಲ್ಲ, ಅಷ್ಟರಲ್ಲಿ ಓದಿ ಬರೆದುಬಿಡಬೇಕು. ಚಹಾ ಆಮೇಲೆ ಕುಡಿಯಬಹುದು.

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ. ಮದುವೆ ಎಂದರೆ ಇಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಯಾರೂ ಹೇಳಿಯೇ ಇರಲಿಲ್ಲ! ಎರಡು ತಿಂಗಳೂ ತುಂಬಿಲ್ಲ, ಹುಟ್ಟಿದಾಗಿನಿಂದ ಆಲ್ವಿನ್‌ನ ಹೆಂಡತಿಯಾಗಿಯೇ ಇದ್ದೆನೇನೋ ಎನಿಸುತ್ತದೆ. ಗಣಿಯಿಂದ ಬಂದು ಸ್ನಾನ ಮಾಡಿದ ಮೇಲೂ ಅವನ ರೆಪ್ಪೆಗಳ ಬುಡದಲ್ಲಿ ಕಲ್ಲಿದ್ದಲಿನ ಕಪ್ಪು ಉಳಿದಿರುತ್ತದೆ. ಕಾಡಿಗೆ ಹಚ್ಚಿಕೊಂಡ ರಾಣಿಯ ಹಾಗೆ ಕಾಣುತ್ತೀ ಎಂದು ಅಣಕಿಸುತ್ತೇನೆ. ಪ್ರೌಢಶಾಲೆಯಲ್ಲಿ ನನಗೆ ಲ್ಯಾಟಿನ್ ಕಲಿಸಿದ ಟೀಚರಮ್ಮ ಅಂಗಡಿಯ ಬಳಿ ಸಿಕ್ಕಿ, ಗಣಿಯವನನ್ನು ಕಟ್ಟಿಕೊಂಡೆಯಂತೆ ಎಂದು ಮುಖ ಸಣ್ಣ ಮಾಡಿದರು. ಹೌದು ಮೇಡಂ, ಕಾರ್ನೆಟ್ ಊದುವ ಗಣಿಯವನನ್ನು ಎಂದೆ. ಆ ಗಿಡ್ಡ ತುತ್ತೂರಿಯಲ್ಲಿ ಅವನು ಭಜನೆಯ ರಾಗ ನುಡಿಸಿದರೆ ಬೀದಿಯ ನಾಯಿಗಳೂ ಬಾಲ ಅಲ್ಲಾಡಿಸುವುದನ್ನು ನಿಲ್ಲಿಸಿ ಕೇಳುತ್ತವೆ. ನಂಬು.

ಈಗ ಕೆಟ್ಟ ಸುದ್ದಿ. ಸಿಗರೇಟು ಎದೆಯನ್ನು ಹಾಳುಮಾಡುತ್ತದೆ ಎಂದು ದೊಡ್ಡ ದೊಡ್ಡ ವೈದ್ಯರೆಲ್ಲ ಸೇರಿ ವರದಿ ಬರೆದದ್ದನ್ನು ಹೋದ ತಿಂಗಳ ಪತ್ರಿಕೆಗಳಲ್ಲಿ ನೀನೂ ಓದಿರುತ್ತೀ. ನಾನು ಅದನ್ನು ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಅತ್ತೆ ತಲೆ ಬಗ್ಗಿಸಿ ಆಲೂಗಡ್ಡೆ ಸುಲಿಯುತ್ತಲೇ ಇದ್ದರು. ನಾನು ಕಾಣದ ನನ್ನ ಮಾವ, ಆಂಬ್ರೋಸ್, ಇದೇ ಹಳ್ಳಿಯ ಬ್ಯಾಂಡಿನಲ್ಲಿ ಮುಖ್ಯ ಕಾರ್ನೆಟ್ಟಿನ ಕುರ್ಚಿಯಲ್ಲಿ ಕೂರುತ್ತಿದ್ದವರು. ಒಳಗೆ ಗಣಿಯ ಧೂಳು, ಹೊರಗೆ ಬಂದರೆ ಒಂದರ ತುದಿಯಿಂದ ಇನ್ನೊಂದು ಹೊತ್ತಿಸುವ ಸಿಗರೇಟು. ಕೊನೆಗಾಲದಲ್ಲಿ ಕಾರ್ನೆಟ್ ಇರಲಿ, ಮೇಣದ ಬತ್ತಿ ಊದಿ ಆರಿಸುವಷ್ಟು ಉಸಿರೂ ಇರಲಿಲ್ಲವಂತೆ. ಈಗ ಆ ಕುರ್ಚಿಯಲ್ಲಿ ಆಲ್ವಿನ್ ಕೂರುತ್ತಾನೆ, ಮತ್ತು ಅಪ್ಪನ ಹಾಗೆಯೇ ಸೇದುತ್ತಿದ್ದ. ನಾನು ಡಾಕ್ಟರರ ಹತ್ತಿರ ಓಡಿದೆ. ಸಿಗರೇಟಿನ ಹೊಗೆ ಎದೆಗಿಳಿಯುತ್ತದೆ, ಪೈಪಿನದು ಹೆಚ್ಚಾಗಿ ಬಾಯಲ್ಲೇ ಸುತ್ತಿ ಹೊರಗೆ ಹೋಗುತ್ತದೆ, ಎರಡನ್ನೂ ಬಿಟ್ಟರೆ ಎಲ್ಲಕ್ಕಿಂತ ಮೇಲು, ಆದರೆ ಗಣಿಯವನು ಬಿಡುವುದುಂಟೇ, ಎಂದು ಅವರೂ ಒಂದು ಪೈಪು ಹೊತ್ತಿಸಿಕೊಂಡೇ ಹೇಳಿದರು. ಅಂದೇ ಆಲ್ವಿನ್‌ನ ಕೈಯಿಂದ ಪೊಟ್ಟಣ ಕಿತ್ತುಕೊಂಡು, ಇನ್ನು ಸಿಗರೇಟಿಲ್ಲ, ಪೈಪು ಮಾತ್ರ ಎಂದು ಆಣೆ ಹಾಕಿಸಿದೆ. ನಗುನಗುತ್ತಲೇ ಮಾತು ಕೊಟ್ಟ. ಅವನ ನಗು ನೋಡಿ ಎಷ್ಟು ಸುಲಭ ಎಂದುಕೊಂಡೆ.

ಪೈಪಿನ ಜೊತೆಗೆ ಹೊಗೆಸೊಪ್ಪನ್ನೂ ನಾನೇ ಆರಿಸಿದೆ ಅಪ್ಪಾ. ಅಂಗಡಿಯವನು ಒಂದರ ಹಿಂದೊಂದು ಜಾಡಿ ತೆಗೆದು ಮೂಗಿಗೆ ಹಿಡಿದ. ಒಂದು ಹಳೆಯ ಹಗ್ಗದ ಹಾಗೆ, ಒಂದು ಕುದುರೆಲಾಯದ ಹಾಗೆ, ಒಂದಂತೂ ಅಜ್ಜಿಯರ ಸೋಪಿನ ಹಾಗೆ ನಾರುತ್ತಿತ್ತು. ಕೊನೆಯ ಜಾಡಿ ತೆರೆದಾಗ ಚೆರ್ರಿ ಹಣ್ಣಿನ ಪಾಯಸ ಕುದಿಸಿದಂಥ ಪರಿಮಳ! ಇದೇ ಕೊಡಿ ಎಂದೆ. ಇದು ಪೈಪು ಸೇದಿ ಪಳಗಿದವರಿಗೋ ಹೊಸಬರಿಗೋ ಎಂದು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮುಟ್ಟಿದರೆ ಬೆರಳಿಗೆ ಅಂಟುವಷ್ಟು ಒದ್ದೆಯಾಗಿತ್ತು. ಮನೆಯೆಲ್ಲಾ ಕೇಕು ಬೇಯಿಸಿದ ಹಾಗೆ ಘಮಘಮಿಸುತ್ತದೆ ಎಂಬ ಸಂತೋಷ ನನಗೆ.

ಸೇದುವ ಕ್ರಮ ಹೇಳಿಕೊಡಲು ಯಾರೂ ಇರಲಿಲ್ಲ. ನಿನಗೆ ಗೊತ್ತಲ್ಲ, ಗಣಿಯ ಬಾಯಲ್ಲಿ ಜೇಬು ತಡಕಿ ನೋಡಿಯೇ ಕೆಳಗಿಳಿಸುತ್ತಾರೆ. ಒಂದು ಬೆಂಕಿಕಡ್ಡಿ ಸಿಕ್ಕರೂ ಕೆಲಸ ಹೋಯಿತು, ಒಂದು ಕಿಡಿ ಸಾಕು ಇಡೀ ಗಣಿ ಹಾರಿಹೋಗಲು. ಪಾಳಿ ಪೂರ್ತಿ ಹೊಗೆಯಿಲ್ಲದೆ ಇದ್ದು ಮೇಲೆ ಬಂದವನು ಹಸಿದ ತೋಳದ ಹಾಗೆ ಎಳೆಯುತ್ತಾನೆ. ಸಿಗರೇಟಾದರೆ ತಡೆಯುತ್ತದೆ. ಪೈಪು ತಡೆಯುವುದೇ? ಮೊದಲ ದಿನ ಹೊಗೆಯನ್ನು ಸೀದಾ ಎದೆಗೆ ಎಳೆದು ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸಿದ. ಎರಡನೆಯ ದಿನ ಬಾಯಲ್ಲೇ ಇಟ್ಟುಕೊಳ್ಳಲು ಕಲಿತ, ಆದರೆ ಕುಲುಮೆಯ ತಿದಿ ಒತ್ತಿದ ಹಾಗೆ ಬುಸುಬುಸು ಎಳೆದ. ಪೈಪಿನ ಬುರುಡೆ ಕೈಯಲ್ಲಿ ಹಿಡಿಯಲಾರದಷ್ಟು ಕಾದು, ಸೊಪ್ಪಿಗೆ ಹಾಕಿದ್ದ ಸಕ್ಕರೆನೀರು ಕುದಿದು, ಆ ಹಬೆಯೆಲ್ಲ ನಾಲಿಗೆಯ ಮೇಲೆ. ನೆರೆಯವನೊಬ್ಬ ಅದು ಹೆಂಗಸರ ಸೊಪ್ಪು, ಗಂಡಸರದ್ದು ಇದು ಎಂದು ಗಣಿಯವರು ಒಳಗೆ ಅಗಿಯುವ ಕಪ್ಪು ಹುರಿ ಹೊಗೆಸೊಪ್ಪನ್ನು ಚೂರಿಯಿಂದ ಕತ್ತರಿಸಿ ತುಂಬಿಕೊಟ್ಟ. ನಾಲ್ಕು ದಮ್ಮಿಗೆ ಆಲ್ವಿನ್‌ನ ಮುಖ ಹಸಿರುಗಟ್ಟಿತು. ಅತ್ತೆ ತರಕಾರಿ ಪ್ರದರ್ಶನಕ್ಕೆಂದು ಬೆಳೆಸುತ್ತಿರುವ ಲೀಕ್ ಈರುಳ್ಳಿಯ ಮಡಿಯಲ್ಲಿ ವಾಂತಿ ಮಾಡಿಕೊಂಡ. ಅತ್ತೆ ಬಾಗಿಲಲ್ಲಿ ನಿಂತು, “ಗೊಬ್ಬರ ಹಾಕಿದ್ದಾಯ್ತಾ? ಇನ್ನೊಂದು ಮಡಿ ಉಳಿದಿದೆ ನೋಡು” ಎಂದರು. ಆಗ ನಾವು ಮೂವರೂ ನಕ್ಕೆವು. ಈ ಮನೆಯಲ್ಲಿ ಆಮೇಲೆ ಯಾರೂ ನಕ್ಕಿಲ್ಲ.

ಈಗ ಅವನ ನಾಲಿಗೆ ನೋಡಿದರೆ ನೀನೂ ಮುಖ ತಿರುಗಿಸುತ್ತೀ. ತುದಿಯ ಚರ್ಮವೇ ಸುಲಿದು ಹಸಿ ಮಾಂಸದ ಹಾಗೆ ಕೆಂಪಗಿದೆ. ಉಪ್ಪು ತಾಗಿದರೆ ಕುರ್ಚಿಯಿಂದ ಏಳುತ್ತಾನೆ. ಮತ್ತು ಶನಿವಾರ ಸ್ಪರ್ಧೆ. ನಾಲ್ಕು ಕಣಿವೆಗಳ ಗಣಿ ಬ್ಯಾಂಡುಗಳು ಬರುತ್ತವೆ. ಈ ಸಲದ ಕೃತಿಯಲ್ಲಿ ಮುಖ್ಯ ಕಾರ್ನೆಟ್‌ಗೆ ಒಂಟಿಯಾಗಿ ನುಡಿಸುವ ಭಾಗವಿದೆ. ತತಕ ತತಕ ಎಂದು ನಾಲಿಗೆಯ ತುದಿಯಿಂದ ಒಂದೊಂದು ಸ್ವರವನ್ನೂ ಕಡಿದು ಕಡಿದು ಹೊರಗೆ ಹಾಕಬೇಕು, ಗುಬ್ಬಿ ಕಾಳು ಹೆಕ್ಕಿದ ಹಾಗೆ. ಮೊನ್ನೆಯ ಅಭ್ಯಾಸದಲ್ಲಿ ಅವನ ಸ್ವರಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾದವಂತೆ. ಬ್ಯಾಂಡಿನವರು ತಲೆ ತಗ್ಗಿಸಿಕೊಂಡು ಕುಳಿತರಂತೆ. ಆ ಸ್ಥಾನಕ್ಕೆ ಪಕ್ಕದ ಸಾಲಿನ ಜಾಬ್ಲಿಂಗ್ ಎಷ್ಟೋ ವರ್ಷಗಳಿಂದ ಕಣ್ಣಿಟ್ಟಿದ್ದಾನೆ. ಕೆಟ್ಟವನೇನಲ್ಲ, ಚೆನ್ನಾಗಿಯೇ ಊದುತ್ತಾನೆ. ಆದರೆ ಈ ಸ್ಪರ್ಧೆಗೆ ಅವನು ಒಮ್ಮೆ ಕೂತರೆ ಮುಗಿಯಿತು, ಕೂತವನನ್ನು ಆ ಕುರ್ಚಿಯಿಂದ ಎಬ್ಬಿಸುವ ಪದ್ಧತಿ ಇಲ್ಲಿಲ್ಲ. ಅದು ಮಾವನ ಕುರ್ಚಿ ಅಪ್ಪಾ. ಅದರ ಹಿಂಬದಿಯಲ್ಲಿ ಅವರ ಕೋಟು ಉಜ್ಜಿ ಉಜ್ಜಿ ಬಣ್ಣ ಹೋದ ಜಾಗ ಇನ್ನೂ ಇದೆ.

ನಿನ್ನೆ ಪ್ರಾರ್ಥನೆ ಮುಗಿಸಿಕೊಂಡು ಬ್ಯಾಂಡ್ ಮಾಸ್ತರ ಹೆಸ್ಲಪ್ ಅವರು ಮನೆಗೇ ಬಂದರು. ಹ್ಯಾಟು ಮಂಡಿಯ ಮೇಲಿಟ್ಟುಕೊಂಡು ಬಹಳ ಹೊತ್ತು ಹವಾಮಾನದ ಮಾತಾಡಿದರು. ಆಮೇಲೆ ಆಲ್ವಿನ್‌ನನ್ನು ಬಿಟ್ಟು ನನ್ನ ಕಡೆ ತಿರುಗಿದರು. “ನೋಡಮ್ಮಾ ಥೆಲ್ಮಾ, ಆ ಕೊಳವೆನ ಶನಿವಾರದ ತನಕ ಕಪಾಟಿನಲ್ಲಿಡು. ಹುಡುಗನಿಗೆ ಅವನ ಸಿಗರೇಟು ಕೊಡು. ಶನಿವಾರ ಕಳೀಲಿ, ಆಮೇಲೆ ಚಿಮಣಿನೇ ಬೇಕಾದ್ರೂ ಬಾಯಲ್ಲಿಟ್ಟುಕೊಳ್ಳಲಿ.” ಸಿಗರೇಟು ನಾಲಿಗೆಯನ್ನು ಸುಡುವುದಿಲ್ಲ, ಕೈನಡುಕವನ್ನೂ ನಿಲ್ಲಿಸುತ್ತದೆ ಎಂಬುದು ಅವರ ಲೆಕ್ಕ. ಹಾಗಾದರೆ ಶನಿವಾರದವರೆಗೆ ಏನನ್ನೂ ಸೇದದಿರಲಿ ಎಂದೆ. ಅವರು ಆಲ್ವಿನ್‌ನ ಕೈಗಳ ಕಡೆ ಕಣ್ಣು ತೋರಿಸಿದರು. ನಿಜ ಅಪ್ಪಾ, ನಾಲಿಗೆ ಸುಟ್ಟ ಮೇಲೆ ಪೈಪನ್ನೂ ಮುಟ್ಟಿಲ್ಲ, ಚಹಾದ ಬಟ್ಟಲು ಹಿಡಿದರೆ ತಟ್ಟೆಯ ಮೇಲೆ ಗಿಲಿಗಿಲಿ ಸದ್ದು. ಅತ್ತೆಯೂ ಅವರ ಕಡೆಗೇ ಸೇರಿಕೊಂಡರು. ಕತ್ತಲಲ್ಲಿ ದುಡಿದು ಬರುವವನಿಗೆ ಒಂದು ಸಿಗರೇಟಿಗೂ ಹೆಂಡತಿಯ ಅಪ್ಪಣೆ ಬೇಕೇ, ಪುಸ್ತಕ ಓದಿದವರ ಮನೆಯಲ್ಲಿ ಇದು ನಡೆಯಬಹುದು, ಎಂದರು. ನಾನು ಅಳಲಿಲ್ಲ. ಅಳದೇ ಇದ್ದದ್ದಕ್ಕೆ ನೀನು ಹೆಮ್ಮೆ ಪಡಬೇಕು.

ಎಲ್ಲಕ್ಕಿಂತ ಕಷ್ಟವಾದದ್ದು ಆಲ್ವಿನ್‌ನ ಮಾತು. ಅವರು ಹೋದ ಮೇಲೆ, ಕಾರ್ನೆಟ್ಟಿನ ಬಾಯಿತುಂಡನ್ನು ಬಟ್ಟೆಯಿಂದ ಒರೆಸುತ್ತಾ, ತಲೆ ಎತ್ತದೆ ಹೇಳಿದ. “ಮಾತು ಕೊಟ್ಟಿದ್ದು ನಿನಗೆ, ಅವರಿಗಲ್ಲ. ನಾನಾಗಿ ಮುರಿಯಲ್ಲ. ನೀನು ಸೇದು ಅಂದ್ರೆ ಸೇದ್ತೀನಿ.” ಜಗಳವಾಡಿದ್ದರೆ ನಾನೂ ಜಗಳವಾಡುತ್ತಿದ್ದೆ. ಕದ್ದು ಸೇದಿದ್ದರೆ ಹಿಡಿಯುತ್ತಿದ್ದೆ. ಇವನು ಹೀಗೆ ಸುಮ್ಮನೆ ತಂದು ನನ್ನ ಮಡಿಲಿಗೆ ಹಾಕಿದರೆ ನಾನೇನು ಮಾಡಲಿ? ಆರು ದಿನ ತಾನೇ ಎನ್ನುತ್ತದೆ ಒಂದು ಮನಸ್ಸು. ಮಾವನೂ ಹೀಗೆಯೇ ಈ ಸ್ಪರ್ಧೆ ಮುಗಿಯಲಿ, ಈ ಕ್ರಿಸ್‌ಮಸ್ ಮುಗಿಯಲಿ ಎಂದು ಎಷ್ಟು ಸಲ ಅಂದರೋ ಎನ್ನುತ್ತದೆ ಇನ್ನೊಂದು. ಅಮ್ಮನನ್ನು ಕೇಳುವ ಹಾಗಿಲ್ಲ. ಹೊಗೆ ಎಂದರೆ ಸಾಕು, ನಿನ್ನನ್ನು ಮಳೆಯಲ್ಲೂ ಅಂಗಳಕ್ಕೆ ಅಟ್ಟುತ್ತಿದ್ದವಳು ಅವಳು.

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ನೀನು ನಿನ್ನ ಪೈಪಿನಲ್ಲಿ ಹಾಕುವ ಆ ಹಾಳೆ ಹಾಳೆಯಾಗಿ ಒತ್ತಿದ ಕಂದು ಸೊಪ್ಪು ಯಾವುದು? ನಾಲಿಗೆ ಕಚ್ಚದ ಸೊಪ್ಪು ಇದೆಯೇ? ಬಿಸಿಲಿನ ಬಣ್ಣದ ವರ್ಜೀನಿಯಾ ಎಲೆ ಸಿಹಿ, ಆದರೆ ಅವಸರದವನನ್ನು ಕಚ್ಚುತ್ತದೆ, ನೆರಳಲ್ಲಿ ಗಾಳಿಗೆ ಒಣಗಿಸಿದ ಎಲೆ ಸೌಮ್ಯ ಎಂದು ನೀನು ಯಾರಿಗೋ ಹೇಳುತ್ತಿದ್ದ ನೆನಪು. ನಾನು ಆಗ ಚಿಕ್ಕವಳು, ಕಿವಿಗೊಟ್ಟು ಕೇಳಿಸಿಕೊಳ್ಳಲಿಲ್ಲ. ನೀನು ಸೊಪ್ಪನ್ನು ಪತ್ರಿಕೆಯ ಮೇಲೆ ಹರಡಿ ಒಲೆಯ ಬಳಿ ಒಣಗಿಸುತ್ತಿದ್ದೆ, ಅದು ಎಷ್ಟು ಹೊತ್ತು? ಹೊಸ ಪೈಪನ್ನು ಅರ್ಧ ಮಾತ್ರ ತುಂಬಬೇಕೇ? ಪೈಪನ್ನು ಎಳೆಯಬಾರದು, ಬಿಸಿ ಚಹಾ ಗುಟುಕರಿಸಿದ ಹಾಗೆ ಗುಟುಕರಿಸಬೇಕು ಎನ್ನುತ್ತಿದ್ದೆಯಲ್ಲ, ಪಾಳಿ ಮುಗಿಸಿ ಬಂದ ಗಣಿಯವನಿಗೆ ಅದನ್ನು ಹೇಗೆ ಕಲಿಸುವುದು? ನಿನ್ನ ಡಬ್ಬಿಯಿಂದಲೇ ಒಂದು ಹಿಡಿ ಸೊಪ್ಪು ದೋಣಿಯವನ ಕೈಗೆ ಕೊಟ್ಟು ಕಳಿಸಿದರೆ ಗುರುವಾರ ಇಲ್ಲವೇ ಶುಕ್ರವಾರ ನನಗೆ ಸಿಗುತ್ತದೆ. ಸುಟ್ಟ ನಾಲಿಗೆ ಅಷ್ಟರಲ್ಲಿ ಮಾಯುತ್ತದೆಯೇ, ಅದನ್ನೂ ಬರೆ. ಮತ್ತು ನಾನು ಹೂಂ ಎನ್ನಲೋ ಬೇಡವೋ, ಅದನ್ನು ಒಂದೇ ಪದದಲ್ಲಿ ಬರೆದರೂ ಸಾಕು. ನೀನು ಬರೆಯುವವರೆಗೆ ನಾನು ಉಹೂಂ ಎಂದೇ ನಿಂತಿರುತ್ತೇನೆ.

ಅವನು ಪಾಳಿ ಮುಗಿಸಿ ಬರುವ ಹೊತ್ತಾಯಿತು. ಸಂಜೆಯ ಟಪ್ಪಾಲಿಗೆ ಇದನ್ನು ಹಾಕಬೇಕು. ನಿನ್ನ ಜೊತೆಗಾರರಿಬ್ಬರಿಗೂ ನನ್ನ ನೆನಪುಗಳು. ಮೊಣಕಾಲಿಗೆ ಉಣ್ಣೆಯ ಪಟ್ಟಿ ಹೆಣೆಯುತ್ತಿದ್ದೇನೆ, ಒಂದು ಕಡೆ ಉದ್ದ ಇನ್ನೊಂದು ಕಡೆ ಗಿಡ್ಡವಾಗಿದೆ, ಆದರೂ ಹಾಕಿಕೊಳ್ಳಬೇಕು. ಸಮುದ್ರ ನಿನ್ನ ಮೇಲೆ ಕರುಣೆಯಿಟ್ಟಿರಲಿ, ನಿನ್ನ ದೀಪ ಚೆನ್ನಾಗಿ ಉರಿಯಲಿ.

ನಿನ್ನ ಮುದ್ದಿನ, ಮದುವೆಯಾದರೂ ಬುದ್ಧಿ ಬಾರದ,
ಥೆಲ್ಮಾ

ಮರೆತ ಮಾತು: ಅಪ್ಪಾ, ಲಕೋಟೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಟಪ್ಪಾಲಿನವನು ಬೀದಿಯ ಆ ತುದಿಗೆ ಬಂದಾಗಿದೆ. ನಾನು ಉಹೂಂ ಎಂದು ನಿಲ್ಲಲಿಲ್ಲ. ಆಲ್ವಿನ್ ಬಂದವನೇ ಊಟಕ್ಕೂ ಕೂರದೆ ಕಾರ್ನೆಟ್ ಎತ್ತಿಕೊಂಡ. ಎರಡು ಸಾಲು ನುಡಿಸಿ ಬಾಯಿತುಂಡನ್ನು ತುಟಿಯಿಂದ ತೆಗೆದಾಗ ಅದರ ಮೇಲೆ ರಕ್ತವಿತ್ತು. ನನಗೆ ತಡೆಯಲಾಗಲಿಲ್ಲ. ಕಿತ್ತಿಟ್ಟಿದ್ದ ಪೊಟ್ಟಣ ನಾನೇ ತಂದೆ, ಕಡ್ಡಿ ನಾನೇ ಗೀರಿದೆ. ಅಷ್ಟು ದಿನದ ಹಸಿವನ್ನೆಲ್ಲ ಸೇರಿಸಿ ಒಂದೇ ದಮ್ಮು ಎಳೆದ, ಕೆಮ್ಮು ಬಂತು. ಪೈಪಿನ ಕೆಮ್ಮಲ್ಲ, ಎಲ್ಲೋ ಕೆಳಗಿನಿಂದ ಬಂದದ್ದು, ನಿಲ್ಲಲೇ ಇಲ್ಲ. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಅತ್ತೆ ಅಲ್ಲಿಂದಲೇ “ಆಂಬ್ರೋಸ್, ಕೂತ್ಕೋ, ನೀರು ತರ್ತೀನಿ” ಎಂದು ಕೂಗಿದರು. ಮಗನನ್ನು ಮಾವನ ಹೆಸರಿಂದ ಕರೆದದ್ದು ಆಮೇಲೆ ಅವರಿಗೇ ಕೇಳಿಸಿತು. ಒದ್ದೆ ಕೈಯಲ್ಲೇ ಒಳಗೆ ಬಂದು, ಮಗನ ತುಟಿಯಿಂದ ಸಿಗರೇಟನ್ನು ತೆಗೆದು ಒಲೆಗೆ ಹಾಕಿದರು, ಹಿಂದೆಯೇ ಪೊಟ್ಟಣವನ್ನೂ. “ಜಾಬ್ಲಿಂಗ್ ಊದಲಿ. ನೀನು ಕೇಳೋಕಾದ್ರೂ ಇರು” ಎಂದರು. ಆಲ್ವಿನ್ ಟೋಪಿ ಹಾಕಿಕೊಂಡು ಹೆಸ್ಲಪ್ ಅವರ ಮನೆಯ ಕಡೆ ಹೋಗಿದ್ದಾನೆ, ಕುರ್ಚಿ ಬಿಟ್ಟುಕೊಡಲು. ಅತ್ತೆ ಒಲೆಯ ಮುಂದೆ ಕುಳಿತಿದ್ದಾರೆ, ಅವರ ಕೈ ನನ್ನ ಕೈಯಲ್ಲಿದೆ, ಅದಕ್ಕೇ ಅಕ್ಷರ ಹೀಗೆ ಸೊಟ್ಟ. ನೀನು ಹೂಂ ಉಹೂಂ ಏನೂ ಬರೆಯುವುದು ಬೇಡ. ಸೊಪ್ಪು ಮಾತ್ರ ಕಳಿಸು. ಶನಿವಾರದೊಳಗೆ ಬರಬೇಕೆಂದೇನೂ ಇಲ್ಲ.